ಗದ್ದೆಪ್ಪನ ಗೋಡೆಗೆ ಸುಣ್ಣ

ಸಾಹೇಬರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬಳಿಯಬೇಕೆಂಬುದು ನಿಜಾಮನ ಕಾಲದ ಪದ್ಧತಿ. ನಿಜಾಮನ ರಾಜ್ಯ ಹೋಗಿ ನಾಲ್ಕೈದು ವರ್ಷವಾದರೂ ಸುಣ್ಣ ಹೋಗಿರಲಿಲ್ಲ. ಗದ್ದೆಪ್ಪ ಹೊಲದಿಂದ ಬರುವಷ್ಟರಲ್ಲಿ ಹೆಂಡತಿ ಶಿವಬಸಮ್ಮ ಮನೆಯನ್ನು ಮದುವೆಮನೆ ಮಾಡಿ ನಿಲ್ಲಿಸಿದ್ದಳು.

ಗದ್ದೆಪ್ಪ ಕಟ್ಟೆಯ ಮೇಲೆ ಕುಸಿದ. "ಕೆಡಿಸಿದೆಲ್ಲಲೇ. ಸಾಹೇಬ್ರು ಬರಾಕತ್ತಿದ್ದು ಗ್ವಾಡಿ ಮ್ಯಾಲಿನ ಕೆಸರಿನ ಗೆರಿ ನೋಡಾಕ."

"ಹೊಲಸು ಗ್ವಾಡಿ ತೋರ್ಸಿ ಮರ್ಯಾದಿ ಕಳಕೋಬೇಕೇನು?"

ಮಸ್ಕಿ ಹಳ್ಳ ತುಂಬಿದಾಗಲೆಲ್ಲ ಊರೊಳಗೆ ಬರುತ್ತಿತ್ತು. ಮೊದಲು ನುಗ್ಗುವುದು ದಂಡೆಯ ಮೇಲಿದ್ದ ಗದ್ದೆಪ್ಪನ ಮನೆಗೇ. ಸರಕಾರ ಈಗ ಮುಂದಿನ ನೂರು ವರ್ಷದ ಯೋಜನೆ ಹಾಕಿ, ಮುಳುಗುವ ಮನೆಯವರಿಗೆ ದಿಬ್ಬದ ಮೇಲೆ ಪುಕ್ಕಟೆ ಜಾಗ ಕೊಡುವುದೆಂದಿತ್ತು. ನೀರು ಗೋಡೆಯ ಮೇಲೆ ಬಿಟ್ಟುಹೋದ ಗೆರೆಯೇ ಸಾಕ್ಷಿ. ಶ್ರಾವಣದಲ್ಲಿ ಒಮ್ಮೆಯಾದರೂ ಮಕ್ಕಳನ್ನು ಅಟ್ಟದ ಮೇಲಲ್ಲ, ಒಣನೆಲದ ಮೇಲೆ ಮಲಗಿಸಬೇಕೆಂದು ಗದ್ದೆಪ್ಪನ ಜೀವ ಹಂಬಲಿಸುತ್ತಿತ್ತು.

ಗೆರೆ ಮತ್ತೆ ಎಳೆಯಲು ಕೆಸರು ತರೋಣವೆಂದು ಹಳ್ಳಕ್ಕೆ ಓಡಿದರೆ ಅಲ್ಲಿ ಊರಿಗೆ ಊರೇ ಕೊಡ ಹಿಡಿದು ನಿಂತಿತ್ತು. ಪುಕ್ಕಟೆ ಬಂದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಊರು ಅದು. ದಿಬ್ಬದ ನೆತ್ತಿಯ ಮೇಲೆ ಮನೆಯಿದ್ದ ಸಾವ್ಕಾರ ಜಂಬಣ್ಣನೂ ಎರಡು ಕೊಡ ತುಂಬಿಸುತ್ತಿದ್ದ.

"ಸಾವ್ಕಾರ್ರ, ನಿಮ್ಮ ಮನೀಗಿ ನೀರು ಬರಬೇಕಂದ್ರ ಮಸ್ಕಿ ಗುಡ್ಡನ ಮುಳುಗಬೇಕಲ್ರಿ."

"ನೂರು ವರ್ಷದ ಮಾತು ತಮ್ಮಾ. ಗುಡ್ಡದ ಗ್ಯಾರಂಟಿ ಯಾರು ಕೊಡ್ತಾರ?"

ಗದ್ದೆಪ್ಪ ಹಸಿ ಸುಣ್ಣದ ಮೇಲೆ ಕೆಸರು ಎಳೆಯುತ್ತಿದ್ದಾಗಲೇ ಬೆನ್ನ ಹಿಂದೆ ಜೀಪು ನಿಂತಿತು.

"ಸುಳ್ಳು ಪುರಾವೆ ಹುಟ್ಟಿಸೋದು ಗುನ್ಹೆ. ಜೈಲಾಗತೈತಿ," ಎಂದರು ಸಾಹೇಬರು.

"ಖರೇನ ನೀರು ಬರತೈತ್ರಿ. ಬೇಕಾದ್ರ ಮೌಲಾಸಾಬನ್ನ ಕೇಳ್ರಿ." ಪ್ರತಿ ಮಳೆಗಾಲದಲ್ಲೂ ಹಗ್ಗ ಎಸೆದು ಗದ್ದೆಪ್ಪನನ್ನು ನೀರಿನಿಂದ ಎಳೆದುಕೊಳ್ಳುತ್ತಿದ್ದ ಪಕ್ಕದ ಮನೆಯವನು ಈ ಮೌಲಾಸಾಬ್. ಹಳೆಯ ಗೆರೆಯ ಮೇಲೆ ಅವನು ಎಳೆದ ಹೊಸ ಗೆರೆಯೂ ಇನ್ನೂ ಆರಿರಲಿಲ್ಲ. ಜೈಲೆಂಬ ಮಾತು ಕೇಳಿ ಅವನು ತನ್ನ ಗೋಡೆಗೆ ಅಡ್ಡ ನಿಂತುಕೊಂಡ.

"ನಮ್ಮ ಮನೀಗಿ ಬರತೈತ್ರಿ ಹುಜೂರ್. ಅವನ ಮನಿ ಸುದ್ದಿ ನನಗ ಗೊತ್ತಿಲ್ರಿ."

ಶಿವಬಸಮ್ಮ ಹಸಿಬಟ್ಟೆ ತಂದು ಗಂಡನ ಗೆರೆಯನ್ನು ಒರೆಸಿಯೇಬಿಟ್ಟಳು. "ನೋಡ್ರಿ ಸಾಹೇಬ್ರ, ಒಂದು ಕಲಿ ಇಲ್ರಿ," ಎಂದಳು ಹೆಮ್ಮೆಯಿಂದ. ಗದ್ದೆಪ್ಪನಿಗೆ ಅಳು ಬಂತು.

ಸಂಜೆ ಚಾವಡಿಯಲ್ಲಿ ಸಾಹೇಬರು ಮನೆಮನೆಯ ಗೆರೆ ಗುರುತಿಸಿದ್ದ ನಕಾಶೆ ಬಿಚ್ಚಿದರು. ಒಬ್ಬನ ಗೆರೆ ಸೊಂಟಕ್ಕಿದ್ದರೆ ಪಕ್ಕದವನದು ಎದೆಗಿತ್ತು. ಜಂಬಣ್ಣನದು ಬಾಗಿಲ ಚೌಕಟ್ಟನ್ನೇ ದಾಟಿತ್ತು.

"ದಿಬ್ಬದ ಮ್ಯಾಲನ ಆಳೆತ್ತರ ನೀರು ನಿಂತೈತಿ. ಅಲ್ಲಿ ಜಾಗಾ ಕೊಟ್ಟು ಮಂದೀನ ಸಾಯಿಸಾಕ ಆಗಂಗಿಲ್ಲ," ಎಂದರು. "ಇಡೀ ಊರಾಗ ನೀರು ಮುಟ್ಟದ ಮನಿ ಒಂದ. ಹಳ್ಳ ಬಂದ್ರ ಎಲ್ಲಾರೂ ಹೆಂಡ್ರು ಮಕ್ಕಳ ಸಮೇತ ಗದ್ದೆಪ್ಪನ ಮನೀಗಿ ಹೋಗಬೇಕು. ನೂರು ವರ್ಷ ಇದ ಹುಕುಂ."

ಎಲ್ಲರೂ ಸಾಲಾಗಿ ಬಂದು ಹುಕುಮಿಗೆ ಹೆಬ್ಬೆಟ್ಟು ಒತ್ತಿದರು. ಒಲ್ಲೆನೆಂದರೆ ಗೆರೆ ತಾನೇ ಬಳಿದದ್ದೆಂದು ಒಪ್ಪಿಕೊಳ್ಳಬೇಕಲ್ಲ.

ಶ್ರಾವಣದಲ್ಲಿ ಹಳ್ಳ ಬಂತು. ಪೊಲೀಸರು ಹಿಂದೆ ನಿಂತು ಹುಕುಂ ನಡೆಸಿದರು. ಜಂಬಣ್ಣ ತನ್ನ ಒಣಮನೆಗೆ ಬೀಗ ಹಾಕಿ, ಸಂಸಾರ ಕಟ್ಟಿಕೊಂಡು, ಸೊಂಟಮಟ್ಟದ ನೀರಿನಲ್ಲಿ ಇಳಿದು ಬಂದ. ಊರವರೂ ಅವನ ಹಿಂದೆಯೇ ಬಂದರು.

ಆ ಸಲ ಗದ್ದೆಪ್ಪನ ಮಕ್ಕಳು ಅಟ್ಟದ ಮೇಲೆ ಮಲಗಲಿಲ್ಲ. ಅಲ್ಲಿ ಜಂಬಣ್ಣನ ಮಕ್ಕಳು ಮಲಗಿದ್ದವು.