ಹಾಸಿಗೆ ಹಿಡಿದ ಅತ್ತೆ

ಕೆಲಸ ಬಿಟ್ಟದ್ದು ತಪ್ಪಲ್ಲ, ಬಿಟ್ಟ ಮೇಲೆ ಒಂದೂವರೆ ವರ್ಷ ಏನು ಮಾಡಿದಿರಿ ಎಂದು ಕೇಳುವುದೇ ತಪ್ಪು ಎಂಬುದು ಅಳಿಯನ ಖಚಿತ ಅಭಿಪ್ರಾಯ. ಅವನು ಮಾಡಿದ್ದಿಷ್ಟೇ: ಗೋದಾಮಿನ ಮ್ಯಾನೇಜರ್ ಜೊತೆ ಜಗಳವಾಡಿ, ಬೀಗದ ಕೈ ಮೇಜಿನ ಮೇಲೆಸೆದು ಬಂದು, ಅವರೇ ಕರೆಯುತ್ತಾರೆಂದು ಸೋಫಾದ ಮೇಲೆ ಮಲಗಿ ಕಾದಿದ್ದ. (ಆ ಅವಧಿಯಲ್ಲಿ ದುಡಿದು ಸವೆದದ್ದು ಸೋಫಾ ಒಂದೇ.)

"ಇದ್ದದ್ದು ಇದ್ದ ಹಾಗೆ ಹೇಳಿಬಿಡಿ," ಎಂದಿದ್ದಳು ಹೆಂಡತಿ, ಸಂದರ್ಶನಕ್ಕೆ ಹೊರಟವನಿಗೆ. "ಇದೂ ಕೈತಪ್ಪಿದ್ರೆ ನಾಳೆಯಿಂದ ನನ್ನ ತಮ್ಮನ ಅಂಗಡೀಲಿ ಮೂಟೆ ಹೊರೋದೇ."

ಬಾಮೈದನ ಕೈಕೆಳಗೆ ದುಡಿಯುವುದನ್ನು ನೆನೆದೇ ಅವನಿಗೆ ಬೆವರು ಕಿತ್ತುಬಂತು.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಔಷಧಿ ಉಗ್ರಾಣದ ಹುದ್ದೆಗೆ ಸಂದರ್ಶನ. ಅಧಿಕಾರಿಣಿ ಅರ್ಜಿಯಲ್ಲಿ ಖಾಲಿ ಬಿದ್ದಿದ್ದ ಆ ಒಂದೂವರೆ ವರ್ಷಕ್ಕೇ ಬೆರಳಿಟ್ಟರು. ಹೆಂಡತಿಯ ಬುದ್ಧಿಮಾತು ಗಂಟಲವರೆಗೆ ಬಂದು ಅಲ್ಲೇ ನಿಂತಿತು.

"ಅತ್ತೆ ಹಾಸಿಗೆ ಹಿಡಿದಿದ್ದಾರೆ ಮೇಡಂ. ನಾನೇ ನೋಡ್ಕೊಳ್ತಿದ್ದೆ."

ಒಮ್ಮೆ ಶುರುವಾದ ಸುಳ್ಳು ನಿಲ್ಲಬೇಕಲ್ಲ? ಮಾತಿನಲ್ಲೇ ಎರಡು ಹೊತ್ತು ಕಾಲೊತ್ತಿದ, ಗಂಜಿ ಕುಡಿಸಿದ. ಅಧಿಕಾರಿಣಿ ಪೆನ್ನು ಕೈಗೆತ್ತಿಕೊಂಡರು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

"ಕನ್ನಡಕ ಮರೆತು ಬಂದಿದ್ದೀರಿ ಅಳಿಯಂದಿರೇ. ಲಿಫ್ಟ್ ಕೆಟ್ಟಿತ್ತು, ಮೆಟ್ಟಿಲು ಹತ್ತಿಕೊಂಡೇ ಬಂದೆ."

ಅತ್ತೆಗೆ ಏದುಸಿರು ಕೂಡ ಇರಲಿಲ್ಲ. ಪೆನ್ನು ಕೆಳಗಿಳಿಯಿತು.

"ಒಂದೂವರೆ ವರ್ಷ ಎರಡು ಹೊತ್ತು ಕಾಲೊತ್ತಿ ಗಂಜಿ ಕುಡಿಸ್ತಿದ್ದದ್ದು ಇವರಿಗೇನಾ?" ಎಂದು ಅಧಿಕಾರಿಣಿ ಕೇಳಿದರು.

ಅತ್ತೆ ಅಳಿಯನ ಮುಖ ನೋಡಿದರು. ತರಕಾರಿಯವನ ಹತ್ತಿರವೂ ಸುಳ್ಳು ಹೇಳಿದ ಜೀವವಲ್ಲ ಅದು. ಬಾಮೈದನ ಅಂಗಡಿಯ ಮೂಟೆಗಳು ಅಳಿಯನ ಕಣ್ಮುಂದೆ ಸಾಲಾಗಿ ನಿಂತವು. ಅತ್ತೆ ಮಂಡಿ ಹಿಡಿದುಕೊಂಡು ಮೆಲ್ಲಗೆ ಕುರ್ಚಿಗೆ ಒರಗಿದರು.

"ಹೌದು ತಾಯಿ. ಎದ್ದದ್ದು ಇವತ್ತೇ."

ಅಧಿಕಾರಿಣಿ ಇಬ್ಬರನ್ನೂ ನೋಡಿದರು. ತುಟಿಯಂಚಿನಲ್ಲಿ ನಗು ಹಣಕಿತು. ಅಳಿಯನನ್ನು ಇಷ್ಟು ಚೆನ್ನಾಗಿ ಕಾಯುವ ಅತ್ತೆ ಮನೆಯಲ್ಲಿದ್ದರೆ ಉಗ್ರಾಣಕ್ಕೂ ಮೋಸವಾಗಲಾರದು ಎಂದು ನೇಮಕಾತಿಗೆ ಸಹಿ ಹಾಕಿದರು.

ಅಳಿಯ ಗೆದ್ದವನ ಠೀವಿಯಲ್ಲಿ ಮನೆಗೆ ಬಂದು ಸೋಫಾದತ್ತ ನಡೆದ. ಅಲ್ಲಿ ಆಗಲೇ ಅತ್ತೆ ಮಲಗಿ ಕಾಲು ಚಾಚಿದ್ದರು.

"ಹುಟ್ಟಿದಾಗಿಂದ ನಾನು ಸುಳ್ಳು ಹೇಳಿದವಳಲ್ಲ. ಇವತ್ತು ಹೇಳಿದ್ದನ್ನ ನೀವೇ ನಿಜ ಮಾಡಿಕೊಡಬೇಕು ಅಳಿಯಂದಿರೇ."

ಹೆಂಡತಿ ಅಡುಗೆಮನೆಯಿಂದ ಬಂದು ಗಂಜಿಯ ಬಟ್ಟಲನ್ನು ಅವನ ಕೈಗಿಟ್ಟಳು.

"ಒಂದೂವರೆ ವರ್ಷ ಅಂದಿದ್ದೀರಂತೆ," ಎಂದಳು. "ಶುರು ಮಾಡಿ."