ಯುರೋಪಿನಲ್ಲಿ ಮಾವನಿಗೊಂದು ಗೇಟು

ನಮ್ಮ ಸೋದರಮಾವ ಯುರೋಪಿನ ಆರು ದೇಶಗಳನ್ನು ನೋಡಿದ್ದಾರೆ ಎಂದರೆ ನೀವು ನಂಬಬೇಕು. ಅವರಿಗೆ ಪಾಸ್‌ಪೋರ್ಟ್ ಇಲ್ಲ. ವಿಮಾನವನ್ನು ಕತ್ತೆತ್ತಿ ನೋಡಿದ್ದು ಬಿಟ್ಟರೆ ಅದರೊಂದಿಗೆ ಬೇರೆ ಪರಿಚಯವಿಲ್ಲ. ಆದರೂ ನೋಡಿದ್ದಾರೆ. ತೋರಿಸಿದವಳು ನಾನು, ಮೊಬೈಲಿನಲ್ಲಿ. ಆದರೆ ಅವರ ಹತ್ತಿರ ಆ ದೇಶಗಳ ಅರಮನೆ, ಚರ್ಚು, ಸೇತುವೆಗಳ ಮಾತೆತ್ತಬೇಡಿ. ಅವರು ನೋಡಿರುವುದು ರೈಲ್ವೆ ಗೇಟುಗಳನ್ನು ಮಾತ್ರ!

ಮಾವ ಚಿಕ್ಕಬಾಣಾವರದಾಚೆಯ ಒಂದು ಲೆವೆಲ್ ಕ್ರಾಸಿಂಗಿನಲ್ಲಿ ಗೇಟ್‌ಮ್ಯಾನ್ ಆಗಿದ್ದರು. ರೈಲು ಬರುವ ಮೊದಲು ಸ್ಟೇಷನ್ನಿನಿಂದ ಫೋನ್ ಬರುತ್ತದೆ. ಇವರು ಹಿಡಿ ತಿರುಗಿಸಿ ರಸ್ತೆಯ ಎರಡೂ ಬದಿಯ ಕಂಬ ಇಳಿಸಿ, ಬಾವುಟ ಹಿಡಿದು ನಿಲ್ಲುತ್ತಾರೆ. ರೈಲು ಹೋದ ಮೇಲೆ ಮತ್ತೆ ಹಿಡಿ ತಿರುಗಿಸಿ ಕಂಬ ಎತ್ತುತ್ತಾರೆ. ಇಪ್ಪತ್ತೊಂಬತ್ತು ವರ್ಷ ಇದೇ ಕೆಲಸ. ಪೀಣ್ಯದ ಫ್ಯಾಕ್ಟರಿಗಳಿಗೆ ಆ ದಾರಿಯಲ್ಲಿ ಹೋಗುವವರೆಲ್ಲ ದಿನಕ್ಕೆರಡು ಸಲ ಇವರನ್ನು ಬೈದುಕೊಂಡೇ ಮುಂದೆ ಹೋಗುತ್ತಿದ್ದರು. ಯಾರಾದರೂ ಬೈಕಿನಿಂದ ಇಳಿದು, "ಒಂದೇ ನಿಮಿಷ ಎತ್ತಣ್ಣ, ಪಂಚಿಂಗ್ ಟೈಮ್ ಆಯ್ತು" ಎಂದರೆ ಮಾವನದು ಒಂದೇ ಉತ್ತರ: "ಪಂಚಿಂಗ್ ಮಿಸ್ಸಾದ್ರೆ ಅರ್ಧ ದಿನ ಹೋಗ್ತದೆ. ಗಾಡಿಗೆ ಸಿಕ್ಕಿದ್ರೆ ನೀನೇ ಹೋಗ್ತೀಯ."

ರೈಲ್ವೆಯವರಿಗೆ ಪುಕ್ಕಟೆ ಪ್ರಯಾಣದ ಪಾಸ್ ಸಿಗುತ್ತದಲ್ಲ? ಉಳಿದವರು ಅದರಲ್ಲಿ ಕಾಶಿ, ರಾಮೇಶ್ವರ ಎಂದು ಸುತ್ತುತ್ತಾರೆ. ಮಾವ ಅತ್ತೆಯ ಕಾಟ ತಡೆಯಲಾರದೆ ಒಮ್ಮೆ ತಿರುಪತಿಗೆ ಹೋದರು. ದಾರಿಯುದ್ದಕ್ಕೂ ಕಿಟಕಿಗೆ ಮುಖವಿಟ್ಟು ಪ್ರತಿಯೊಬ್ಬ ಗೇಟ್‌ಮ್ಯಾನಿಗೂ ಕೈ ಬೀಸಿದರಂತೆ. ವಾಪಸು ಬಂದ ಮೇಲೆ ದರ್ಶನ ಹೇಗಾಯಿತು ಎಂದು ನಮ್ಮಮ್ಮ ಕೇಳಿದರು. "ರೇಣಿಗುಂಟ ಹತ್ರ ಒಬ್ಬ ಕುಂತ್ಕೊಂಡೇ ಬಾವುಟ ತೋರ್ಸಿದ ಕಣಕ್ಕ. ಎಂಥ ಕಾಲ ಬಂತು" ಎಂದರು. ದೇವರ ಸುದ್ದಿ ನಮಗೆ ಅತ್ತೆಯಿಂದ ತಿಳಿಯಿತು.

ಡ್ಯೂಟಿ ಮುಗಿಸಿ ಮನೆಗೆ ಬಂದರೆ ಈ ಚಾಳಿ ಬಿಡುತ್ತಿತ್ತೇ? ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಮಾವ ಊಟದ ಹಾಲಿನ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತುಬಿಟ್ಟರು. ಒಳಗಿನ ಪಂಕ್ತಿ ಎದ್ದು, ಎಲೆ ತೆಗೆದು, ಟೇಬಲ್ ಒರೆಸುವ ತನಕ ಒಂದು ನರಪಿಳ್ಳೆಯನ್ನೂ ಒಳಗೆ ಬಿಡಲಿಲ್ಲ. ಬೆಳಗಿನಿಂದ ಉಪವಾಸವಿದ್ದ ಮದುಮಗನೇ ಬಂದು ನಿಂತ. ಬೀಗರು ಮುಖ ಊದಿಸಿಕೊಂಡರು. ಮಾವ ಕೈ ತೆಗೆಯಲಿಲ್ಲ. "ಒಳಗೆ ಇನ್ನೂ ಮಜ್ಜಿಗೆ ಓಡ್ತಾ ಅದೆ ಸ್ವಾಮಿ. ಲೈನ್ ಕ್ಲಿಯರ್ ಆಗ್ಲಿ" ಎಂದರು. ಆ ಸಂಬಂಧ ಇವತ್ತಿಗೂ ಗಟ್ಟಿಯಾಗಿದೆ ಎಂದರೆ ಅದು ಹುಡುಗನ ದೊಡ್ಡಗುಣ.

ನಾನು ಎಂಜಿನಿಯರಿಂಗ್‌ನಲ್ಲಿ ಹೆಚ್ಚಿನ ಓದಿಗೆ ಜರ್ಮನಿಗೆ ಹೊರಟ ದಿನವೂ ಇದೇ ಕಥೆ. ಚಿಕ್ಕಬಾಣಾವರದಲ್ಲಿ ಅಜ್ಜಿಗೆ ನಮಸ್ಕಾರ ಮಾಡಿ ಏರ್‌ಪೋರ್ಟಿಗೆ ಹೊರಟೆವು. ನಮ್ಮ ಟ್ಯಾಕ್ಸಿ ಮಾವನ ಗೇಟಿಗೆ ಬರುವುದಕ್ಕೂ ಕಂಬ ಇಳಿಯುವುದಕ್ಕೂ ಸರಿಹೋಯಿತು. ರೈಲಿನ ಸುಳಿವೇ ಇಲ್ಲ. ಅಮ್ಮ ಕೆಳಗಿಳಿದು, "ಲೋ, ಎತ್ತೋ. ನಿನ್ನ ಸೋದರಸೊಸೆ ಕಣೋ, ಫ್ಲೈಟ್ ಹೊರಟೋಗುತ್ತೆ" ಎಂದರು. ಮಾವ ಬಾವುಟ ಹಿಡಿದು ನೆಟ್ಟಗೆ ನಿಂತಲ್ಲಿಂದಲೇ, "ಗೂಡ್ಸ್ ಡ್ರೈವರ್‌ಗೆ ಅದು ಗೊತ್ತಿಲ್ಲಕ್ಕ" ಎಂದರು. ಡಬ್ಬಿಯ ಹಿಂದೆ ಡಬ್ಬಿ ಹೋಗಿ, ಕೊನೆಗೆ ಗೇಟು ತೆರೆಯಿತು. ನಮ್ಮ ಟ್ಯಾಕ್ಸಿ ಹಳಿ ದಾಟುವಾಗ ಅವರು ಬಾವುಟ ತೋರಿಸಿದರು. ನನಗೆ ಆಶೀರ್ವಾದ ಎಂದು ಸಿಕ್ಕಿದ್ದು ಅಷ್ಟೇ!

ಜರ್ಮನಿಯಲ್ಲಿ ನಮ್ಮದು ಮೂವರ ಗುಂಪು. ನಾನು, ಕಾಡುಗೋಡಿಯ ಮಂಜುಳಾ, ಹುಬ್ಬಳ್ಳಿಯ ಪ್ರವೀಣ. ಮಂಜುಳಾ ಕಂಡದ್ದನ್ನೆಲ್ಲ ಫೋಟೋ ತೆಗೆದು ಮರುಕ್ಷಣವೇ ಲೋಕಕ್ಕೆ ಹಂಚುವವಳು. ತಿಂಡಿ ತಟ್ಟೆಯ ಫೋಟೋ ತೆಗೆಯದೆ ಅವಳಿಗೆ ಹಸಿವಾಗುವುದಿಲ್ಲ. ಪ್ರವೀಣನ ಚೀಲದಲ್ಲಿ ಬಟ್ಟೆಗಿಂತ ಶೇಂಗಾ ಚಟ್ನಿಪುಡಿ ಹೆಚ್ಚು. ರಜೆ ಸಿಕ್ಕಿದರೆ ಸಾಕು, ಅಗ್ಗದ ರೈಲೋ ಬಸ್ಸೋ ಹಿಡಿದು ಮೂವರೂ ಯಾವುದಾದರೂ ದೇಶಕ್ಕೆ ಹೊರಡುತ್ತಿದ್ದೆವು.

ಮೊದಲ ಚಳಿಗಾಲದಲ್ಲಿ ಮಾವನಿಂದ ವಿಡಿಯೋ ಕಾಲ್ ಬಂತು. ಮುಖ ಸಪ್ಪಗಿತ್ತು.

"ಅಂಡರ್‌ಪಾಸ್ ಮಾಡ್ತಾರಂತೆ ಪುಟ್ಟಿ. ಗೇಟ್ ಮುಚ್ತಾರಂತೆ. ನನ್ನನ್ನ ಆಫೀಸಲ್ಲಿ ಫೈಲ್ ಹೊರೋಕೆ ಹಾಕ್ತಾರಂತೆ."

ಅವರಿಗೆ ಇನ್ನೂ ಮೂರು ವರ್ಷದ ಸರ್ವೀಸ್ ಇತ್ತು. ಅದನ್ನು ತಮ್ಮ ಗೇಟಿನಲ್ಲೇ ಮುಗಿಸಬೇಕು ಎನ್ನುವುದು ಬಿಟ್ಟರೆ ಅವರಿಗೆ ಬೇರೆ ಆಸೆಯೇ ಇರಲಿಲ್ಲ. ಅದಕ್ಕೊಂದು ಉಪಾಯವನ್ನೂ ಹುಡುಕಿದ್ದರು.

"ನೀನು ಅಲ್ಲೆಲ್ಲ ಸುತ್ತುತೀಯಲ್ಲ, ಕೈಯಲ್ಲಿ ತಿರುಗ್ಸೋ ಗೇಟು, ಪಕ್ಕದಲ್ಲಿ ಒಬ್ಬ ಮನುಷ್ಯ, ಅಂಥದ್ದೊಂದು ಫೋಟೋ ತೆಗ್ದು ಕಳ್ಸು. ಅರ್ಜಿ ಜೊತೆ ಇಡ್ತೀನಿ. ಯುರೋಪಿನೋರೇ ಇನ್ನೂ ಇಟ್ಕೊಂಡವ್ರೆ ಅಂದ್ರೆ ನಮ್ಮ ಸಾಹೇಬ್ರು ಬಾಯ್ಮುಚ್ಕೊಂಡು ಸೈನ್ ಹಾಕ್ತಾರೆ."

ಅಲ್ಲಿಗೆ ನಮ್ಮ ಪ್ರವಾಸಗಳ ಕಥೆ ಮುಗಿಯಿತು. ಜರ್ಮನಿಯಲ್ಲಿ ನಾವು ತೋರಿಸಿದ ಗೇಟುಗಳೆಲ್ಲ ಯಂತ್ರದವು. ಪ್ಯಾರಿಸ್ಸಿಗೆ ಹೋದಾಗ ಲೋಕಪ್ರಸಿದ್ಧ ಕಬ್ಬಿಣದ ಗೋಪುರದ ಕೆಳಗೆ ನಿಂತು ಅವರಿಗೆ ಫೋನ್ ಮಾಡಿದೆ. ಮಾವ ಎರಡು ಕ್ಷಣ ನೋಡಿ, "ಕಬ್ಬಿಣ ಒಳ್ಳೇದು ಹಾಕವ್ರೆ. ಹಳಿ ಎಲ್ಲದೆ?" ಎಂದರು. ಹಳಿ ಹುಡುಕಿಕೊಂಡು ಊರಾಚೆಗೆ ಹೋದೆವು. ಅಲ್ಲಿಯ ಗೇಟು ತಾನಾಗಿಯೇ ಇಳಿಯಿತು, ರೈಲು ಹೋಯಿತು, ತಾನಾಗಿಯೇ ಎದ್ದಿತು. ಒಂದು ದಿನದ ಪ್ಯಾರಿಸ್ಸಿನಲ್ಲಿ ಮುಕ್ಕಾಲು ದಿನ ನಾವು ಗೇಟು ನಡೆಸುವ ಒಂದು ಹಳದಿ ಪೆಟ್ಟಿಗೆಯ ಪಕ್ಕ ನಿಂತಿದ್ದೆವು.

ಸ್ವಿಟ್ಜರ್ಲೆಂಡಿನಲ್ಲಿ ಹಿಮದ ಬೆಟ್ಟಗಳ ಕೆಳಗೆ ಒಂದು ಪುಟ್ಟ ಗೇಟು ಸಿಕ್ಕಿತು. ಅದೂ ತಾನಾಗಿಯೇ ನಡೆಯುವಂಥದ್ದು. ಮಾವ ಫೋನಿನಲ್ಲಿಯೇ ತಕರಾರು ತೆಗೆದರು.

"ಮನುಷ್ಯ ಇಲ್ದೆ ಎಂಗೆ? ದನ ಬಂದ್ರೆ?"

ಆ ಹೊತ್ತಿಗೆ ಸರಿಯಾಗಿ ಕುತ್ತಿಗೆಗೆ ದೊಡ್ಡ ಗಂಟೆ ಕಟ್ಟಿಕೊಂಡ ಹಸುಗಳ ಹಿಂಡೊಂದು ರಸ್ತೆಯಲ್ಲಿ ಬಂತು. ಮಾವನ ಮುಖ ಅರಳಿತು. ಗೇಟಿನ ಗಂಟೆ ಬಾರಿಸಿತು, ಕಂಬ ಇಳಿಯಿತು. ಹಸುಗಳು ಕಂಬದ ಮುಂದೆ ಬಂದು ಸಾಲಾಗಿ ನಿಂತವು. ಒಂದೂ ಕುತ್ತಿಗೆ ತೂರಿಸಲಿಲ್ಲ. ರೈಲು ಹೋಯಿತು, ಕಂಬ ಎದ್ದಿತು, ಹಸುಗಳು ಹಳಿ ದಾಟಿ ಮನೆಗೆ ಹೋದವು. ಮಾವ ಕೊನೆಯ ಹಸು ಮರೆಯಾಗುವ ತನಕ ನೋಡಿದರು. ಆಮೇಲೆ, "ಟ್ರೇನಿಂಗ್ ಕೊಟ್ಟವ್ರೆ" ಎಂದು ಫೋನ್ ಇಟ್ಟರು.

ಆಸ್ಟ್ರಿಯಾಕ್ಕೆ ಹೋಗುವಷ್ಟರಲ್ಲಿ ಪ್ರವೀಣನ ಸಹನೆ ಮುಗಿದಿತ್ತು. "ಅಲ್ರೀ, ಒಂದು ಸುಳ್ಳು ಫೋಟೋ ತೆಗದು ಕಳಸೂಣು. ನಿಮ್ಮ ಮಾಮಾರೂ ಖುಷಿ, ನಾವೂ ಖುಷಿ" ಎಂದ. ಮಂಜುಳಾಗೆ ಕಿತ್ತಳೆ ಬಣ್ಣದ ರೈನ್‌ಕೋಟ್ ತೊಡಿಸಿ, ತಲೆಗೆ ಟೋಪಿ ಹಾಕಿ, ಜಿನುಗುವ ಮಳೆಯಲ್ಲೇ ಒಂದು ಅಡ್ಡಕಂಬದ ಪಕ್ಕ ನಿಲ್ಲಿಸಿದೆವು. ಅವಳು ಸುತ್ತಿದ ಕೊಡೆಯನ್ನು ಬಾವುಟದ ಹಾಗೆ ಹಿಡಿದು, ಯಾವ ಪರದೇಶದ ನೌಕರಳೂ ನಿಲ್ಲದಷ್ಟು ಗಂಭೀರವಾಗಿ ನಿಂತಳು. ಹಿಂದಿನಿಂದ ತೆಗೆದದ್ದರಿಂದ ಮುಖ ಕಾಣುತ್ತಿರಲಿಲ್ಲ. ಕಳಿಸಿದ ಅರ್ಧ ನಿಮಿಷಕ್ಕೆ ಮಾವನ ಉತ್ತರ ಬಂತು: "ಇದು ಕಾರ್ ಪಾರ್ಕಿಂಗು. ಆ ಮಗು ನೆಂದು ಶೀತ ಆದಾತು, ಒಳಗೆ ಕರ್ಕೊಂಡೋಗಿ."

ಚೆಕ್ ದೇಶದ ರಾಜಧಾನಿಯಲ್ಲೂ ಹುಡುಕಿ ಬರಿಗೈಯಲ್ಲಿ ಬಂದೆವು. ಈ ಕಡೆ ಮಾವನ ಗೇಟಿನ ಪಕ್ಕ ಜೆಸಿಬಿ ಬಂದು ನಿಂತಿತ್ತು. ಅರ್ಜಿ ಬರೆದು ಮಡಿಸಿಟ್ಟು ನನ್ನ ಫೋಟೋಗಾಗಿ ಕಾಯುತ್ತಿದ್ದರು.

ಕೊನೆಗೆ ಅದು ಸಿಕ್ಕಿದ್ದು ಪೋಲೆಂಡಿನಲ್ಲಿ, ಅದೂ ಹುಡುಕದೆ ಇದ್ದಾಗ. ಒಂದು ಹಳೆಯ ಉಪ್ಪಿನ ಗಣಿ ನೋಡಲು ಹಳ್ಳಿಗಳ ನಡುವೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಬಸ್ಸು ಒಂದು ಗೇಟಿನ ಮುಂದೆ ನಿಂತಿತು. ಕಿಟಕಿಯಲ್ಲಿ ನೋಡಿದರೆ ಪುಟ್ಟ ಕೋಣೆ, ಅದರ ಹೊರಗೆ ಕಬ್ಬಿಣದ ಹಿಡಿ, ಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತಿರುವ ಐವತ್ತು ದಾಟಿದ ಒಬ್ಬ ಹೆಂಗಸು. "ಐತ್ರೀ, ಐತಿ!" ಎಂದು ಪ್ರವೀಣ ಕೂಗಿದ. ಡ್ರೈವರನ ಕೈಕಾಲು ಹಿಡಿದು ಬಾಗಿಲು ತೆಗೆಸಿ ಮೂವರೂ ಇಳಿಯುವಷ್ಟರಲ್ಲಿ ರೈಲು ಹೋಗಿ ಕಂಬ ಎದ್ದಿತ್ತು.

ಏದುಸಿರು ಬಿಡುತ್ತ ಓಡಿ ಬಂದ ನಮ್ಮನ್ನು ನೋಡಿ ಆಕೆ ಏನೋ ಅಂದಳು. ಮೊಬೈಲ್ ಅದನ್ನು ಅನುವಾದಿಸಿತು: "ಇಲ್ಲಿ ಶೌಚಾಲಯವಿಲ್ಲ." ನಮಗೆ ಬೇಕಾಗಿರುವುದು ಅದಲ್ಲ, ನೀವೇ, ಎಂದು ಟೈಪ್ ಮಾಡಿ ತೋರಿಸಿದೆ. ಆಕೆ ಎರಡು ಸಲ ಓದಿದಳು. ಅಷ್ಟರಲ್ಲಿ ನಾನು ಮಾವನಿಗೆ ಫೋನ್ ಮಾಡಿಬಿಟ್ಟಿದ್ದೆ.

ಮಾವ ಬನಿಯನ್ನಿನಲ್ಲಿ ಕೂತಿದ್ದರು. ಹಿಡಿ ಕಂಡೊಡನೆ ಎದ್ದು ಹೋಗಿ ಯೂನಿಫಾರ್ಮಿನ ಶರ್ಟು ಹಾಕಿಕೊಂಡು ಬಂದರು. ಆಕೆಯೂ ಅವರನ್ನು ನೋಡಿದಳು, ಅವರೂ ಆಕೆಯನ್ನು ನೋಡಿದರು.

"ಎಷ್ಟು ಗಂಟೆ ಡ್ಯೂಟಿ ಕೇಳು."

ಕೇಳಿದೆ. ಹನ್ನೆರಡು ಗಂಟೆ ಎಂದಳು.

"ಪಾಪ. ಕೈ ನೋವು ಬರ್ತದಾ ಕೇಳು."

ಅದಕ್ಕೆ ಅನುವಾದ ಬೇಕಾಗಲಿಲ್ಲ. ಮಾವ ತಮ್ಮ ಬಲಭುಜ ಹಿಡಿದು ತೋರಿಸಿದ್ದರು. ಆಕೆ ತನ್ನ ಬಲಭುಜ ಹಿಡಿದು ತೋರಿಸಿದಳು. ಇಬ್ಬರೂ ನಕ್ಕರು. ಆಕೆ ಮಾವನಿಗೆ ತನ್ನ ಕೋಣೆಯ ಒಲೆ, ಟೀ ಕೆಟಲ್ಲು, ಗೋಡೆಗೆ ನೇತುಹಾಕಿದ ಬಾವುಟಗಳನ್ನು ತೋರಿಸಿದಳು. ಬರುವ ವರ್ಷ ಇಲ್ಲಿಗೂ ಯಂತ್ರ ಬರುತ್ತದೆಯೋ ಏನೋ, ಇನ್ನೂ ಯಾರೂ ಏನೂ ಹೇಳಿಲ್ಲ, ಎಂದಳು. ಮಾವನಿಗೆ ಅದನ್ನೂ ಕನ್ನಡದಲ್ಲಿ ಹೇಳಿದೆ. ಅಷ್ಟರಲ್ಲಿ ಕೋಣೆಯೊಳಗೆ ಫೋನ್ ಹೊಡೆದುಕೊಂಡಿತು.

"ಗಾಡಿ ಬಿಟ್ಟವ್ರೆ. ಫೋನ್ ಇಡು. ಆಯಮ್ಮನ್ನ ಮಾತಾಡಿಸ್ಬೇಡಿ" ಎಂದು ಮಾವ ಕಾಲ್ ಕಟ್ ಮಾಡಿದರು. ತಿಂಗಳುಗಟ್ಟಲೆ ಕಾದದ್ದು ಕಣ್ಣೆದುರು ಬಂದಾಗ ಅವರು ನೋಡಿದ್ದು ಹೆಚ್ಚೆಂದರೆ ಆರು ನಿಮಿಷ.

ಆ ಗಾಡಿ ಬಂದಾಗ ಮಂಜುಳಾ ತೆಗೆದ ಫೋಟೋಗಳು ಅದ್ಭುತವಾಗಿ ಬಂದವು. ಹಿಡಿ ತಿರುಗಿಸುವ ಹೆಂಗಸು, ಇಳಿಯುತ್ತಿರುವ ಕಂಬ, ಆಮೇಲೆ ರೈಲು. ಮಂಜುಳಾ ಎಲ್ಲವನ್ನೂ ಮಾವನಿಗೆ ಕಳಿಸಿದಳು. "ಅರ್ಜಿ ಪಾಸಾತು ಬಿಡ್ರಿ" ಎಂದು ಪ್ರವೀಣ ಚಟ್ನಿಪುಡಿ ಬಿಚ್ಚಿದ. ನಾನು ಬಸ್ ಸ್ಟಾಪಿನಲ್ಲಿ ಕೂತು ಮಾವನಿಗೆ ಮತ್ತೆ ಫೋನ್ ಮಾಡಿದೆ.

"ಫೋಟೋ ನೋಡಿದ್ರಾ ಮಾವ?"

"ನೋಡ್ದೆ. ಚೆನ್ನಾಗದೆ. ಅರ್ಜಿಗೆ ಇಡಲ್ಲ."

"ಯಾಕೆ?"

"ಇದು ಇಲ್ಲಿ ಆಫೀಸಿಗೋಗ್ತದೆ. ಅಲ್ಲಿಂದ ದಿಲ್ಲಿಗೋಗ್ತದೆ. ದಿಲ್ಲಿಯೋರು ಆ ದೇಶದೋರ್ನ ಕೇಳ್ತಾರೆ, ನಿಮ್ಮಲ್ಲಿ ಇನ್ನೂ ಕೈಯಲ್ಲೇ ತಿರುಗ್ಸ್ತೀರಂತೆ, ಹೌದಾ ಅಂತ. ಅವ್ರಿಗೆ ನಾಚ್ಕೆ ಆಗಲ್ವಾ? ಆಮೇಲೆ ಆಯಮ್ಮನ ಗೇಟು ಉಳೀತದಾ?"

ನನಗೆ ನಗು ಬಂತು. ನಿಮ್ಮ ಅರ್ಜಿ ಮೊದಲನೇ ಮೇಜು ದಾಟುವುದಿಲ್ಲ ಮಾವ, ಇನ್ನು ದಿಲ್ಲಿ, ಪೋಲೆಂಡ್ ಎಲ್ಲಿಂದ ಬಂತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೊಳೆಯಿತು: ಅವರಿಗೆ ಇದ್ದ ಸಾಕ್ಷಿ ಇದೊಂದೇ. ಹೆಸರೂ ಗೊತ್ತಿಲ್ಲದ, ಆರು ನಿಮಿಷ ಕಂಡ ಒಬ್ಬ ಹೆಂಗಸಿಗಾಗಿ ಅದನ್ನು ಬಿಟ್ಟುಕೊಟ್ಟಿದ್ದರು. ಅವರನ್ನು ನೋಡಿ ನಾನು ಹುಟ್ಟಿದಾಗಿನಿಂದ ನಕ್ಕಿದ್ದೇನೆ. ಅವತ್ತು ಆ ಬಸ್ ಸ್ಟಾಪಿನಲ್ಲಿ ಅಳು ಬಂತು.

ಮಂಜುಳಾಗೆ ವಿಷಯ ಹೇಳಿದೆ. ಲೋಕಕ್ಕೆಲ್ಲ ಹಂಚಲು ಹೊರಟಿದ್ದ ಫೋಟೋಗಳನ್ನು ಅವಳು ಒಂದೊಂದಾಗಿ ಅಳಿಸಿದಳು. ನಾನು ಬೇಡವೆನ್ನಲಿಲ್ಲ.

ಮಾವನ ಅರ್ಜಿ ಫೋಟೋ ಇಲ್ಲದೆ ಹೋಯಿತು, ಉತ್ತರ ಬರಲಿಲ್ಲ. ಗೇಟು ಮುಚ್ಚಿತು. ಈಗ ಅಂಡರ್‌ಪಾಸಿನಲ್ಲಿ ಜನ ನಿಲ್ಲದೆ ಹೋಗುತ್ತಾರೆ, ಮಾವ ಆಫೀಸಿನಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಫೈಲ್ ಒಯ್ಯುತ್ತಾರೆ. ನಾನು ಓದು ಮುಗಿಸಿ ಬಂದು ಪೀಣ್ಯದಲ್ಲೇ ಕೆಲಸಕ್ಕೆ ಸೇರಿದ್ದೇನೆ. ತಿಂಗಳಿಗೊಂದು ಭಾನುವಾರ ಮಾವ ನಮ್ಮ ಮನೆಗೆ ಬರುತ್ತಾರೆ. ಚಪ್ಪಲಿ ಬಿಡುತ್ತಲೇ, "ಆಯಮ್ಮನ್ದು ಅದಾ ನೋಡು" ಎನ್ನುತ್ತಾರೆ. ನಾನು ಮೊಬೈಲಿನ ನಕ್ಷೆಯಲ್ಲಿ ಆ ಹಳ್ಳಿಯ ರಸ್ತೆಯ ಚಿತ್ರ ತೆಗೆದು ತೋರಿಸುತ್ತೇನೆ. ಕೋಣೆ ಇದೆ, ಕಂಬ ಇದೆ, ಕಬ್ಬಿಣದ ಹಿಡಿ ಇದೆ. "ಇದೆ ಮಾವ" ಎನ್ನುತ್ತೇನೆ. "ಸರಿ" ಎಂದು ಊಟಕ್ಕೆ ಕೂರುತ್ತಾರೆ.

ಆ ಚಿತ್ರ ತೆಗೆದದ್ದು ಯಾವಾಗ ಎಂದು ಅದರ ಮೂಲೆಯಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿದೆ. ಅದು ನಾವು ಅಲ್ಲಿಗೆ ಹೋಗುವುದಕ್ಕೂ ಮೊದಲಿನದು. ಮಾವ ಪ್ರತಿ ಸಲವೂ ಓದುವ ಕನ್ನಡಕ ಮರೆತು ಬರುತ್ತಾರೆ. ಅಪ್ಪನ ಕನ್ನಡಕ ಪಕ್ಕದಲ್ಲೇ ಟಿವಿ ಸ್ಟ್ಯಾಂಡಿನ ಮೇಲೆ ಇರುತ್ತದೆ. ನಾನು ಎತ್ತಿ ಕೊಡುವುದಿಲ್ಲ.