ಎವರಿಸ್ತೊನ ಬೀಳ್ಕೊಡುಗೆ

ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು ಎವರಿಸ್ತೊ ಕ್ಷೌರಿಕನಿಗೆ ಹೇಳಿದ್ದು ಇಷ್ಟೇ: "ಚಾಗೊ, ಇದೇ ಕೊನೆ ಸಲ. ಇನ್ನು ನನ್ನ ಕೈಲಾಗಲ್ಲ."

ಅವನು ಹೇಳಿದ್ದು ತಲೆಗೆ ಬಣ್ಣ ಹಚ್ಚಿಸಿಕೊಳ್ಳುವ ವಿಷಯ. ಆದರೆ ನಲವತ್ನಾಲ್ಕನೇ ವಯಸ್ಸಿನಲ್ಲೂ ಸಾನ್ ಪೆದ್ರೊ ಊರಿನ ಬೇಸ್‌ಬಾಲ್ ತಂಡಕ್ಕೆ ಚೆಂಡೆಸೆದು ಸಂಬಳ ತರುತ್ತಿರುವ ಮನುಷ್ಯ, ಅದೂ ಪಂದ್ಯದ ದಿನ ಬೆಳಿಗ್ಗೆ, ಹೀಗೆಂದರೆ ಯಾರಾದರೂ ಏನು ತಿಳಿಯಬೇಕು? ಚಾಗೊನ ಕಣ್ಣು ತುಂಬಿತು. ಬಣ್ಣದ ಬ್ರಷ್ಷು ಹಿಡಿದುಕೊಂಡೇ, "ಎವರಿಸ್ತೊ ಆಟ ಬಿಡ್ತಾನಂತೆ!" ಎಂದು ಕೂಗುತ್ತ ಬೀದಿಗೆ ಓಡಿದ.

ಎವರಿಸ್ತೊ ಅರ್ಧ ಕಪ್ಪು, ಅರ್ಧ ಬಿಳಿ ತಲೆ ಹೊತ್ತು ಮನೆ ಕಡೆ ಹೊರಟರೆ, ಮರದಡಿ ಡೊಮಿನೊ ಆಡುತ್ತಿದ್ದವರೆಲ್ಲ ಎದ್ದು ಟೋಪಿ ತೆಗೆದರು. ಮನೆ ಮುಂದೆ ಪಕ್ಕದ ಮನೆಯ ವಿಧವೆ ಫೆಲಿಪಾ ಹೋತ ಕೊಯ್ಯಿಸಿ, ಒಲೆಯ ಮೇಲೆ ಹಂಡೆ ಏರಿಸಿಯಾಗಿತ್ತು.

"ಏನಿದು ಫೆಲಿಪಕ್ಕ?"

"ಸುಮ್ನಿರಪ್ಪ, ಅಳು ಬರುತ್ತೆ. ನಿನ್ನ ಬೀಳ್ಕೊಡುಗೆ ಊಟ."

"ಯಾರು ಹೇಳಿದ್ದು? ನಾನು ಆಟ ಬಿಡ್ತಿಲ್ಲ!"

"ಹಿಂಗೇ ಅಂತಾರೆ. ನಮ್ಮೆಜಮಾನ್ರೂ ಸಾಯೋ ದಿನ, ನಂಗೇನೂ ಆಗಿಲ್ಲ ಅಂತಿದ್ರು."

ಹೆಂಡತಿ ನುರಿಸ್ ಅವನನ್ನು ಒಳಗೆಳೆದುಕೊಂಡಳು. "ಹೋತ ಸತ್ತಾಯ್ತು ಕಣ್ರೀ. ಈಗ ಬಿಡಲ್ಲ ಅಂದ್ರೆ ಅದಕ್ಕೇನು ಹೇಳೋದು?"

ಬಾಯಿಮಾತು ಇಲ್ಲಿ ನಡೆಯದೆಂದು ಎವರಿಸ್ತೊಗೆ ಖಾತ್ರಿಯಾಯಿತು. ತೋಳೇ ಮಾತಾಡಲಿ ಎಂದು ಟೋಪಿಯೊಳಗೆ ತಲೆ ಮುಚ್ಚಿಕೊಂಡು ಮೈದಾನಕ್ಕೆ ನಡೆದ.

ಅಂದು ಅವನು ಎಸೆದದ್ದೇ ಎಸೆದದ್ದು. ಚೆಂಡು ಬ್ಯಾಟಿನ ತನಕ ನೆಟ್ಟಗೆ ಬಂದು, ಮಾವನನ್ನು ಕಂಡ ಅಳಿಯನ ಹಾಗೆ ಗಕ್ಕನೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿದುಬಿಡುತ್ತಿತ್ತು. ಮಗನ ವಯಸ್ಸಿನ ಬ್ಯಾಟುಗಾರರು ನೊಣ ಓಡಿಸುವವರ ಹಾಗೆ ಗಾಳಿಗೆ ಬ್ಯಾಟು ಬೀಸಿ ಬೀಸಿ ವಾಪಸಾದರು. ಆದರೆ ಒಬ್ಬೊಬ್ಬ ಔಟಾದಾಗಲೂ ಜನರ ಅಳು ಇನ್ನಷ್ಟು ಜೋರಾಯಿತು.

"ಹೋಗೋವಾಗ್ಲೂ ಎಷ್ಟು ಚೆನ್ನಾಗಿ ಹೋಗ್ತಿದಾನೆ ನೋಡ್ರೋ!" ಎಂದು ಚಾಗೊ ಬಿಕ್ಕಿದ.

ತಂಡ ಗೆದ್ದಿತು. ಎವರಿಸ್ತೊ ಮೈಕು ಕಿತ್ತುಕೊಂಡ. "ಕೇಳ್ರಪ್ಪಾ! ನಾನು ಕೊನೆ ಅಂದಿದ್ದು ತಲೆ ಬಣ್ಣಕ್ಕೆ, ಆಟಕ್ಕಲ್ಲ!"

ಜನ ಕಣ್ಣೊರೆಸಿಕೊಂಡರು. ಆಮೇಲೆ ಮೈದಾನವೇ ಕುಣಿಯತೊಡಗಿತು. ಫೆಲಿಪಕ್ಕ ಚಾಗೊನ ಕೈ ಹಿಡಿದು ಮೆರೆಂಗೆ ಕುಣಿತದ ಹೆಜ್ಜೆ ಹಾಕಿದಳು. ಕುಣಿಯದೆ ತಂಡದ ಕೋಣೆಯಲ್ಲಿ ಕೂತವನೆಂದರೆ ಮ್ಯಾನೇಜರ್ ಒನೆಸಿಮೊ ಒಬ್ಬನೇ. ಎವರಿಸ್ತೊ ಒಳಗೆ ಬಂದದ್ದೇ ಅವನು ತಲೆ ಚಚ್ಚಿಕೊಂಡ.

"ಬೆಳಿಗ್ಗೇನೇ ಹೇಳಬಾರದಿತ್ತೇನಯ್ಯ? ಸುದ್ದಿ ಕೇಳಿದ್ದೇ ತಡ, ನಿನ್ನ ಜಾಗಕ್ಕೆ ಒಬ್ಬನ ಸಹಿ ತಗೊಂಡ್ಬಿಟ್ಟೆ. ಇರೋದೊಂದೇ ಜಾಗ."

ಎವರಿಸ್ತೊನ ಮುಖ ಬಾಡಿತು. "ಹೋಗ್ಲಿ ಬಿಡಿ. ಎಳೆ ಹುಡುಗನಿಗೆ ತಾನೇ ಸಿಕ್ಕಿದ್ದು?"

"ಎಳೆ ಹುಡುಗರಿಗೆ ನಿನ್ನಂಥ ಅನುಭವ ಎಲ್ಲಿಂದ ಬರಬೇಕು? ತುಂಬ ಹುಡುಕಿದ್ವಿ."

ಅಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ, ಬಾನಿ ಊರಿನ ದಾಮಿಯಾನ್ ಒಳಗೆ ಬಂದ. ಎವರಿಸ್ತೊಗಿಂತ ಎರಡು ವರ್ಷ ದೊಡ್ಡವನು. ಬಂದವನೇ ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ.

"ಹೊಸಬರಿಗೆ ಜಾಗ ಬಿಟ್ಕೊಟ್ಟೆಯಲ್ಲ ತಮ್ಮಾ, ನಿಂದು ದೊಡ್ಡ ಮನಸ್ಸು."